ಮುದುಮಲೆ ಕಾಡೊಳಗೆ ಒಂದ್ ರಾತ್ರಿ ಉಳ್ಕೊಳ್ಳೋದು ಹೇಗೆ: ತಾಳವಾಡಿ ಕಡೆಯವನ ಲೆಕ್ಕಾಚಾರ

ನಮ್ಮೂರು ತಾಳವಾಡಿ ಹತ್ರ, ತಮಿಳುನಾಡಿನ ಈರೋಡ್ ಜಿಲ್ಲೆ. ರೇಷನ್ ಕಾರ್ಡ್ ತಮಿಳಲ್ಲಿ, ಜಗಳ ಕನ್ನಡದಲ್ಲಿ. ಸುತ್ತ ಸತ್ಯಮಂಗಲದ ಕಾಡೇ ಇರೋದ್ರಿಂದ ಆನೆ ನೋಡೋಕೆ ನಾವು ದುಡ್ಡು ಕೊಟ್ಟು ಎಲ್ಲಿಗೂ ಹೋಗ್ಬೇಕಾಗಿಲ್ಲ, ಅದೇ ಜೋಳದ ಹೊಲಕ್ಕೆ ಬಂದು ಹೋಗುತ್ತೆ. ಆದ್ರೂ ಬೆಂಗಳೂರು ಮೈಸೂರು ಕಡೆ ನೆಂಟರು ಫೋನ್ ಮಾಡಿ "ಭಾವ, ಬಂಡೀಪುರದ ಪಕ್ಕದ ಮುದುಮಲೆ ಹುಲಿ ಕಾಡಲ್ಲಿ ಫಾರೆಸ್ಟ್‌ನವರ ರೂಮಲ್ಲಿ ಉಳ್ಕೋಬೇಕು, ಹೇಗೆ" ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಒಂದೇ ಸಲ ಬರ್ದು ಬಿಡ್ತಾ ಇದೀನಿ.

ಮೊದ್ಲು ಗೇಟಿನ ಟೈಮ್ ನೋಡ್ಕೊಳ್ಳಿ, ರೂಮು ಆಮೇಲೆ. ಬಂಡೀಪುರ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ನಮ್ಮ ಕಡೆಯಿಂದ ಹೋಗೋದಾದ್ರೆ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ ಕೆಕ್ಕನಹಳ್ಳ ಚೆಕ್‌ಪೋಸ್ಟು, ಅಲ್ಲಿಂದ ತೆಪ್ಪಕಾಡು, ಅಂದ್ರೆ ಮುದುಮಲೆಯ ಸಫಾರಿ, ರೂಮು ಇರೋ ಜಾಗ (ತಮಿಳುನಾಡಿಂದ ತಮಿಳುನಾಡಿಗೆ ಹೋಗೋಕೆ ಕರ್ನಾಟಕ ದಾಟ್ಬೇಕು, ನಮ್ಮ ಹಣೆಬರಹ). ಇನ್ನೊಂದು ದಾರಿ ದಿಂಬಂ ಘಾಟ್ ಇಳ್ದು ಬಣ್ಣಾರಿ ಮೇಲೆ ಸುತ್ತಿ ಬರೋದು, 27 ಹೇರ್‌ಪಿನ್ ತಿರುವು, ಅಲ್ಲೂ ರಾತ್ರಿ ನಿರ್ಬಂಧ ಇದೆ, ಸುಮ್ನೆ ಬೇಡ. ಒಂದ್ ಸಲ ನಮ್ಮ ಮಾವನ ಜೊತೆ ಹೊರಟಿದ್ದೆ, ಚಾಮರಾಜನಗರದಲ್ಲಿ ಅವರಿಗೆ ಬೋಂಡಾ ಬೇಕಾಯ್ತು, ಗುಂಡ್ಲುಪೇಟೆಯಲ್ಲಿ ಟೀ ಬೇಕಾಯ್ತು, "ಏ ಬುಡ್ಲಾ, ಐದು ನಿಮಿಷಕ್ಕೆ ಗೇಟ್ ಓಡೋಗಲ್ಲ" ಅಂದ್ರು. ಗೇಟ್ ಓಡಿಹೋಗ್ಲಿಲ್ಲ, ಮುಚ್ಚಿತ್ತು. ದುಡ್ಡು ಕಟ್ಟಿದ್ದ ರೂಮು ಕಾಡಲ್ಲಿ ಖಾಲಿ ಬಿದ್ದಿತ್ತು, ನಾವು ಗುಂಡ್ಲುಪೇಟೆಗೆ ವಾಪಸ್ ಬಂದು ಇನ್ನೊಂದು ರೂಮಿಗೆ ದುಡ್ಡು ಕಟ್ಟಿ ಸೊಳ್ಳೆ ಹೊಡ್ಕೊಂಡು ಮಲಗಿದ್ವಿ. ಅದಕ್ಕೇ ಹೇಳ್ತೀನಿ, ಮಧ್ಯಾಹ್ನ ಎರಡು ಮೂರು ಗಂಟೆಗೆ ತೆಪ್ಪಕಾಡಲ್ಲಿ ಇರೋ ಹಾಗೆ ಹೊರಡಿ, ಸಂಜೆ ಸಫಾರಿನೂ ಸಿಗುತ್ತೆ.

ಇ-ಪಾಸ್, ಅಂದ್ರೆ ನೀಲಗಿರಿಯೊಳಗೆ ಗಾಡಿ ಬಿಡೋಕೆ ಅನುಮತಿ, ಮರೀಬೇಡಿ. ಮುದುಮಲೆ ಇರೋದು ನೀಲಗಿರಿ ಜಿಲ್ಲೆಯಲ್ಲಿ, ಮದ್ರಾಸ್ ಹೈಕೋರ್ಟ್ ಹೇಳಿದ್ಮೇಲೆ 2024ರ ಮೇ ತಿಂಗಳಿಂದ ಹೊರಗಿನ ಗಾಡಿಗೆಲ್ಲ ಇದು ಬೇಕು. ಆನ್‌ಲೈನಲ್ಲೇ ತಗೋಬಹುದು, ದುಡ್ಡಿಲ್ಲ. 2025ರ ಏಪ್ರಿಲ್‌ನಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000 ಅಂತ ಮಿತಿ ಬೇರೆ ಹಾಕಿದ್ರು, ಹಾಗಾಗಿ ಸೀಸನ್‌ನಲ್ಲಿ ರೂಮ್ ಬುಕ್ ಆದ ದಿನಾನೇ ಪಾಸೂ ತಗೊಂಡ್ಬಿಡಿ. ಸರ್ಕಾರಿ ಬಸ್ಸಲ್ಲಿ ಹೋಗೋರಿಗೆ ಈ ತಲೆನೋವಿಲ್ಲ, ಮೈಸೂರು ಊಟಿ ಬಸ್ಸು ತೆಪ್ಪಕಾಡ್ ಮೇಲೇ ಹೋಗುತ್ತೆ.

ಚೆಕ್‌ಪೋಸ್ಟಲ್ಲಿ ಪ್ಲಾಸ್ಟಿಕ್ಕೂ ನೋಡ್ತಾರೆ. ಒಂದ್ ಲೀಟರ್ ಎರಡ್ ಲೀಟರ್ ನೀರಿನ ಬಾಟ್ಲಿ ನೀಲಗಿರಿಯಲ್ಲಿ ನಡಿಯಲ್ಲ, ಮನೆಯಿಂದ ಸ್ಟೀಲ್ ಚೊಂಬೋ ಕ್ಯಾನೋ ತಗೊಂಡ್ ಹೋಗಿ.

ಈಗ ರೂಮಿಗೆ ಬರೋಣ. ಅರಣ್ಯ ಇಲಾಖೆದು ತೆಪ್ಪಕಾಡಲ್ಲಿ ಲಾಗ್ ಹೌಸ್, ಸಿಲ್ವನ್ ಲಾಡ್ಜ್, ಡಾರ್ಮಿಟರಿ ಇವೆ, ಮಸಿನಗುಡಿ ಮತ್ತೆ ಅಭಯಾರಣ್ಯಂ ಅನ್ನೋ ಜಾಗದ ಕಡೆನೂ ಗೆಸ್ಟ್ ಹೌಸ್ ಇವೆ. ನನ್ನ ಕೇಳಿದ್ರೆ ಸಿಲ್ವನ್ ಲಾಡ್ಜೇ, ಪಕ್ಕದಲ್ಲೇ ಮೋಯಾರ್ ಹೊಳೆ, ಬೇಸಿಗೆಯಲ್ಲಿ ಪ್ರಾಣಿ ನೀರಿಗೆ ಅಲ್ಲಿಗೇ ಬರ್ಬೇಕು, ನೀವು ಕುರ್ಚಿ ಹಾಕ್ಕೊಂಡು ಕೂತಿದ್ರೆ ಸಾಕು. ಹುಡುಗರ ಗ್ಯಾಂಗ್ ಆದ್ರೆ ಡಾರ್ಮಿಟರಿ ಸಾಕು, ರಾತ್ರಿಯೆಲ್ಲ ಹರಟೆ ಹೊಡಿಯೋರಿಗೆ ಲಾಗ್ ಹೌಸ್ ಯಾಕೆ. ಬುಕಿಂಗು ಟೈಗರ್ ರಿಸರ್ವ್‌ನವರ ವೆಬ್‌ಸೈಟಲ್ಲಿ, ರೇಟು ಆಗಾಗ ಬದಲಾಗುತ್ತೆ, ಅಲ್ಲೇ ನೋಡಿ. ಪೊಂಗಲ್ ರಜೆ, ಮೇ ತಿಂಗಳ ಊಟಿ ಸೀಸನ್ ಎರಡೂ ಬಿಟ್ಬಿಡಿ. ಬುಕ್ ಆದ್ಮೇಲೂ ಹಿಂದಿನ ದಿನ ಒಂದು ಫೋನ್ ಮಾಡಿ, ರೂಮ್ ಇದೆ ತಾನೇ, ರಾತ್ರಿ ಊಟಕ್ಕೆ ಏನು ವ್ಯವಸ್ಥೆ, ಎರಡೂ ಕೇಳಿ. ತಮಿಳು ಬರಲ್ಲ ಅಂತ ಹೆದರಬೇಡಿ, ನಿಧಾನಕ್ಕೆ ಕನ್ನಡದಲ್ಲೇ ಮಾತಾಡಿ, ಗಡಿ ಜಾಗ, ಅರ್ಥ ಆಗುತ್ತೆ.

ಪ್ರೈವೇಟ್ ರೆಸಾರ್ಟ್ ಬಗ್ಗೆನೂ ಒಂದ್ ಮಾತು. ಮಸಿನಗುಡಿ ಸುತ್ತಮುತ್ತ ಸೀಗೂರು ಆನೆ ದಾರಿ ಇದೆ, 2010ರಲ್ಲಿ ತಮಿಳುನಾಡು ಸರ್ಕಾರ ಅದನ್ನ ಆನೆ ಕಾರಿಡಾರ್ ಅಂತ ಅಧಿಸೂಚನೆ ಹೊರಡಿಸ್ತು, ರೆಸಾರ್ಟ್‌ನವರು ಕೋರ್ಟಿಗೆ ಹೋದ್ರು, 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಯನ್ನೇ ಎತ್ತಿಹಿಡೀತು. ಹಾಗಾಗಿ ಫೋಟೋ ಚೆನ್ನಾಗಿದೆ ಅಂತ ಅಡ್ವಾನ್ಸ್ ಹಾಕೋ ಮುಂಚೆ ಲೈಸೆನ್ಸ್ ಇದ್ಯಾ ಕೇಳಿ. "ನೈಟ್ ಸಫಾರಿ ಕರ್ಕೊಂಡ್ ಹೋಗ್ತೀವಿ ಸಾರ್" ಅಂದ್ರೆ ಅಲ್ಲೇ ಫೋನ್ ಇಟ್ಬಿಡಿ, ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ರೆ ನಿಮಗೂ ಫಜೀತಿ.

ಯಾವಾಗ ಹೋಗೋದು? ನಮ್ಮ ಗುಮಟಾಪುರದಲ್ಲಿ ದೀಪಾವಳಿ ಮಾರನೇ ದಿನ ಗೊರೆ ಹಬ್ಬ ಆಗುತ್ತಲ್ಲ, ಸಗಣಿ ಎರಚಾಡೋದು, ಅದು ಮುಗ್ಸಿ ಸ್ನಾನ ಮಾಡಿ ಹೊರಟ್ರೆ ಸರಿಯಾದ ಕಾಲ. ಕಾಡು ಹಸಿರಾಗಿರುತ್ತೆ, ಚಳಿ ಇರುತ್ತೆ, ಸ್ವೆಟರ್ ಬೇಕು. ಫೆಬ್ರವರಿಯಿಂದ ಏಪ್ರಿಲ್ ತನಕ ಪ್ರಾಣಿ ಚೆನ್ನಾಗಿ ಕಾಣಿಸುತ್ತೆ ನಿಜ, ಆದ್ರೆ ಲಂಟಾನ ಒಣಗಿ ಬೆಂಕಿ ಭಯ ಇರುತ್ತೆ, ಕೆಲವು ವರ್ಷ ಪ್ರವಾಸಿಗರಿಗೆ ಬಂದ್ ಮಾಡೂ ಬಿಡ್ತಾರೆ, ಆಗ ಬುಕಿಂಗ್ ಕ್ಯಾನ್ಸಲ್ಲೇ.

ತಲುಪಿದ್ಮೇಲೆ ಮೊದ್ಲು ರಿಸೆಪ್ಷನ್‌ಗೆ ಹೋಗಿ ಐಡಿ ತೋರ್ಸಿ ಕೀ ಇಸ್ಕೊಳ್ಳಿ, ಅಲ್ಲೇ ಸಫಾರಿ ಟಿಕೆಟೂ ಕೇಳಿ. ಆಮೇಲೆ ಆನೆ ಕ್ಯಾಂಪು. ಸಂಜೆ ಆನೆಗಳಿಗೆ ಊಟ ಹಾಕೋದು ನೋಡೋಕೆ ಬಿಡ್ತಾರೆ, ರಾಗಿ, ಹುರುಳಿ, ಅನ್ನ, ಬೆಲ್ಲ ಎಲ್ಲ ಸೇರ್ಸಿ ದೊಡ್ಡ ದೊಡ್ಡ ಮುದ್ದೆ ಕಟ್ಟಿ ಬಾಯಿಗೇ ಇಡ್ತಾರೆ. ನಮ್ಮ ಮಾವ ಆ ಮುದ್ದೆ ನೋಡಿ "ಸಾರೊಂದು ಕಮ್ಮಿ ಕಣ್ಲಾ" ಅಂದಿದ್ರು. ಕಾವಾಡಿಗಳಲ್ಲಿ (ಮಾವುತರ ಸಹಾಯಕರು) ಕಾಟುನಾಯಕ ಬುಡಕಟ್ಟಿನವರೂ ಇದಾರೆ, ಅವರ ಮನೆಮಾತು ಕನ್ನಡಕ್ಕೆ ಎಷ್ಟು ಹತ್ರ ಅಂದ್ರೆ ಕಿವಿಗೊಟ್ಟು ಕೇಳಿದ್ರೆ ಅರ್ಧ ನಿಮಗೇ ಗೊತ್ತಾಗುತ್ತೆ.

ಕತ್ತಲಾದ್ಮೇಲೆ ರೂಮಿಂದ ಆಚೆ ಕಾಲಿಡಬೇಡಿ, ವಾಕಿಂಗು ಗೀಕಿಂಗು ಏನೂ ಬೇಡ. ಕಾಡುಹಂದಿ, ಜಿಂಕೆ ಅಂಗಳದಲ್ಲೇ ಓಡಾಡ್ತವೆ, ಅವುಗಳ ಹಿಂದೆ ಇನ್ಯಾರು ಬರ್ತಾರೋ. ತಿಂಡಿ ಚೀಲ ಕಿಟಕಿ ಹತ್ರ ಇಟ್ಟು ಮಲಗಿದ್ರೆ ಬೆಳಗ್ಗೆ ಕೋತಿ ಪಾಲು. ಟಾರ್ಚ್ ಇರ್ಲಿ, ಕರೆಂಟ್ ಹೋದ್ರೆ ಬೇಕು, ನೆಟ್‌ವರ್ಕ್ ನಂಬ್ಕೊಂಡು ಆಫೀಸ್ ಕೆಲ್ಸ ಇಟ್ಕೋಬೇಡಿ. ಬ್ಲೂಟೂತ್ ಸ್ಪೀಕರ್ ಮನೇಲೇ ಇರ್ಲಿ ಪ್ಲೀಸ್.

ಬೆಳಗ್ಗೆ ಮೊದಲನೇ ಸಫಾರಿ ವ್ಯಾನಿಗೆ ಹೋಗಿ, ಬಂದು ತಿಂಡಿ ತಿಂದು ರೂಮ್ ಬಿಡಿ. ಮುಂದೆ ಊಟಿಗೆ ಹೋಗೋರಿಗೆ ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟ್ ಹತ್ತಿರ, ಆದ್ರೆ 36 ತಿರುವು, ಭಾರೀ ಕಡಿದು, ಹೊಸದಾಗಿ ಕಾರ್ ಕಲ್ತೋರು ಗೂಡಲೂರು ಮೇಲೇ ಹೋಗಿ. ಮನೆಗೆ ವಾಪಸ್ ಬರೋರು ಬಂಡೀಪುರ ರಸ್ತೆಯಲ್ಲಿ ಆನೆ ಕಂಡ್ರೂ ಗಾಡಿ ನಿಲ್ಸಿ ಇಳೀಬೇಡಿ, ದಂಡ ಹಾಕ್ತಾರೆ, ಬೋಂಡಾ ಏನಿದ್ರೂ ಗುಂಡ್ಲುಪೇಟೆ ತಲುಪಿದ್ಮೇಲೆ.