ಲ್ಯಾಪ್‌ಟಾಪ್ ಪರದೆ ತಾನಾಗಿಯೇ ಮಂಕಾಗುತ್ತಿದ್ದರೆ ಇದನ್ನು ನೋಡಿ

ಮಳೆ ಹಿಡಿದರೆ ನಮ್ಮ ಚಿಕ್ಕಮಗಳೂರಿನಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ನಿಮಗೆಲ್ಲ ಗೊತ್ತೇ ಇದೆ. ಚಾರ್ಜ್ ನಿಂತೊಡನೆ ಲ್ಯಾಪ್‌ಟಾಪ್ ಪರದೆ ಮಂಕಾದರೆ ಗಾಬರಿ ಬೇಡ, ಅದು ಬ್ಯಾಟರಿ ಉಳಿಸುವ ಉಪಾಯ. ನನ್ನನ್ನು ಕಾಡಿದ್ದು ಬೇರೆ. ತೋಟದ ಕೂಲಿ ಲೆಕ್ಕದ ಬಿಳಿ ಹಾಳೆ ತೆರೆದರೆ ಪರದೆ ಬೆಳಗುತ್ತಿತ್ತು, ಕಪ್ಪು ಹಿನ್ನೆಲೆಯ ಪುಟಕ್ಕೆ ಹೋದರೆ ಮೆಲ್ಲನೆ ಕುಗ್ಗುತ್ತಿತ್ತು. ಪರದೆಯನ್ನೇ ಬದಲಿಸಲು ಹೊರಟಿದ್ದೆ. ದುಡ್ಡು ಉಳಿಯಿತು!

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಹೋಗಿ ಬ್ರೈಟ್‌ನೆಸ್ ಪಕ್ಕದ ಬಾಣವನ್ನು ಒತ್ತಿ. ಅಲ್ಲಿ ಎರಡು ಆಯ್ಕೆಗಳಿರಬಹುದು. ಒಂದು ಕೋಣೆಯ ಬೆಳಕನ್ನು ಅಳೆದು ಪರದೆಯನ್ನು ಹೊಂದಿಸುತ್ತದೆ. ಸೆನ್ಸರ್ ಇರುವ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ಇನ್ನೊಂದು ಪರದೆಯ ಮೇಲೆ ಏನಿದೆ ಎಂಬುದನ್ನು ನೋಡಿ ಬೆಳಕು ಬದಲಿಸುತ್ತದೆ. ನನ್ನ ಕಳ್ಳ ಇದೇ. ‘ಆಫ್’ ಮಾಡಿದೆ. ಫೋಟೊ ತಿದ್ದುವವರು ಇದನ್ನು ಇಟ್ಟುಕೊಳ್ಳಲೇಬಾರದು, ಬಣ್ಣದ ಅಂದಾಜೇ ತಪ್ಪುತ್ತದೆ.

ಆಮೇಲೂ ಬ್ಯಾಟರಿಯಲ್ಲಿ ಮಾತ್ರ ಹೀಗೆಯೇ ಆದರೆ ಗ್ರಾಫಿಕ್ಸ್ ತಂತ್ರಾಂಶ (ಪರದೆಯ ಚಿತ್ರ ಮೂಡಿಸುವ ಚಿಪ್‌ನ ಸೆಟ್ಟಿಂಗ್ ಬದಲಿಸುವ ಆ್ಯಪ್) ತೆರೆಯಿರಿ. ಇಂಟೆಲ್‌ನದಾದರೆ ಪವರ್ ವಿಭಾಗದಲ್ಲಿ ‘ಡಿಸ್‌ಪ್ಲೇ ಪವರ್ ಸೇವಿಂಗ್ಸ್’, ಎಎಮ್‌ಡಿಯದಾದರೆ ‘ವಾರಿ-ಬ್ರೈಟ್’. ಎರಡೂ ಅದೇ ಜಾತಿಯವು, ನಿಲ್ಲಿಸಬಹುದು. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ, ಅಷ್ಟೆ.

ಸೆನ್ಸರ್ ಸಾಮಾನ್ಯವಾಗಿ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಮಕ್ಕಳು ಅಲ್ಲಿ ಸ್ಟಿಕ್ಕರ್ ಅಂಟಿಸಿದ್ದಾರೆಯೇ ಎಂದೂ ಒಮ್ಮೆ ನೋಡಿ.