12 ವರ್ಷ ಹಳೆಯ ಡೆಸ್ಕ್‌ಟಾಪನ್ನು ನಾನೇ ಬಿಚ್ಚಿ ಸರಿಪಡಿಸಿದ ಬಗೆ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು 2013ರಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡಿದ್ದೆವು. ಇಂಟೆಲ್ ಕೋರ್ ಐ5-3470 ಪ್ರೊಸೆಸರ್, ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿಯ ಒಂದೇ ರ‍್ಯಾಮ್, 1 ಟಿಬಿಯ ಹಾರ್ಡ್ ಡಿಸ್ಕ್. ಆ ಕಾಲಕ್ಕೆ ಅದು ಒಳ್ಳೆಯ ಜೋಡಣೆಯೇ ಆಗಿತ್ತು. 2025ರ ಹೊತ್ತಿಗೆ ಅದು ತೆರೆದುಕೊಳ್ಳಲು ಐದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕೆಲವು ಬೆಳಗ್ಗೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು, ವಿಡಿಯೊ ಕರೆಯಲ್ಲಿ ಅರ್ಧ ಗಂಟೆ ಕಳೆದರೆ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು, ದಿನಾಂಕವೋ ಆಗಾಗ ಹಲವು ವರ್ಷ ಹಿಂದಕ್ಕೆ ಹೋಗಿ ಕೂರುತ್ತಿತ್ತು. ಇದನ್ನು ಬಿಟ್ಟು ಹೊಸದು ಕೊಳ್ಳುವುದೇ ಸರಿ ಎಂದು ಮನೆಯವರೆಲ್ಲ ಹೇಳಿದರು. ಆದರೆ ಯಾವ ಭಾಗ ಕೆಟ್ಟಿದೆ ಎಂದು ತಿಳಿಯದೆ ಇಡೀ ಯಂತ್ರವನ್ನೇ ಎಸೆಯಲು ನನ್ನ ಮನಸ್ಸು ಒಪ್ಪಲಿಲ್ಲ. ನಾಲ್ಕು ಕೋರ್‌ಗಳ ಆ ಪ್ರೊಸೆಸರ್ ಬರವಣಿಗೆ, ಲೆಕ್ಕಪತ್ರ, ಅಂತರಜಾಲ, ಮಕ್ಕಳ ಪಾಠ ಇಷ್ಟಕ್ಕೆ ಇಂದಿಗೂ ಸಾಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಮೊದಲು ನಾನೂ ಇವೆಲ್ಲವನ್ನೂ ಒಂದೇ ರೋಗದ ಲಕ್ಷಣಗಳೆಂದು ತಿಳಿದು, ವಿಂಡೋಸನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವ ಯೋಚನೆಯಲ್ಲಿದ್ದೆ. ಹಾಗೆ ಮಾಡಿದ್ದರೆ ಎರಡು ದಿನದ ಕೆಲಸ ವ್ಯರ್ಥವಾಗುವುದರ ಜೊತೆಗೆ, ಸಾಯುತ್ತಿದ್ದ ಡಿಸ್ಕಿನ ಮೇಲೆ ಹೊಸದಾಗಿ ಬರೆದು ಹಳೆಯ ಫೋಟೊಗಳನ್ನೂ ಕಳೆದುಕೊಳ್ಳುತ್ತಿದ್ದೆ. ಅದರ ಬದಲು ಒಂದು ವಾರ ಏನನ್ನೂ ಮುಟ್ಟದೆ, ಯಾವ ತೊಂದರೆ ಎಷ್ಟು ಹೊತ್ತಿಗೆ, ಯಾವ ಕೆಲಸದ ನಡುವೆ ಬಂತು ಎಂಬುದನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ವಾರದ ಕೊನೆಗೆ ನೋಡಿದಾಗ ಒಂದು ವಿಷಯ ಎದ್ದು ಕಂಡಿತು: ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗಿದ ಮರುದಿನ ಬೆಳಗ್ಗೆ ಮಾತ್ರ ನೀಲಿ ಪರದೆ ಬರುತ್ತಿತ್ತು, ಸ್ವಿಚ್ ಹಾಗೆಯೇ ಬಿಟ್ಟ ದಿನಗಳಲ್ಲಾಗಲಿ, ಹಗಲಿನಲ್ಲಿ ರೀಸ್ಟಾರ್ಟ್ ಮಾಡಿದಾಗಲಾಗಲಿ ಒಮ್ಮೆಯೂ ಬಂದಿರಲಿಲ್ಲ.

ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಸೆಲ್ ಇರುತ್ತದೆ. ಸಿಆರ್2032 ಎಂಬ ಆ 3 ವೋಲ್ಟಿನ ಸೆಲ್, ಕರೆಂಟು ಪೂರ್ತಿ ಕಡಿದಾಗ ಗಡಿಯಾರವನ್ನು ನಡೆಸುವುದಲ್ಲದೆ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಎದ್ದು ಯಂತ್ರವನ್ನು ಸಿದ್ಧಪಡಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ನಾವು ಮಾಡಿಟ್ಟ ಆಯ್ಕೆಗಳನ್ನೂ ಕಾಪಾಡುತ್ತದೆ. ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಹೊತ್ತು ಎಸ್‌ಎಂಪಿಎಸ್ ಎಂಬ ಪವರ್ ಪೆಟ್ಟಿಗೆಯಿಂದ ಬರುವ ಸ್ಟ್ಯಾಂಡ್‌ಬೈ ವಿದ್ಯುತ್ತೇ ಆ ಕೆಲಸ ಮಾಡುವುದರಿಂದ ಸೆಲ್ ಸತ್ತದ್ದು ಗೊತ್ತಾಗುವುದಿಲ್ಲ. ಮಲ್ಟಿಮೀಟರಿನಲ್ಲಿ ಅಳೆದಾಗ ನಮ್ಮ ಸೆಲ್ 2.4 ವೋಲ್ಟಿಗೆ ಇಳಿದಿತ್ತು. ದಿನಾಂಕ ಹಿಂದಕ್ಕೆ ಹೋಗುತ್ತಿದ್ದುದಕ್ಕೂ, ಆ ದಿನಗಳಲ್ಲಿ ಜಾಲತಾಣಗಳೆಲ್ಲ ‘ಪ್ರಮಾಣಪತ್ರ ಸರಿಯಿಲ್ಲ’ ಎಂದು ಎಚ್ಚರಿಸುತ್ತಿದ್ದುದಕ್ಕೂ ಇದೇ ಕಾರಣ. ನೀಲಿ ಪರದೆಯ ಕಾರಣ ಇನ್ನೊಂದು ಹೆಜ್ಜೆ ಆಳದಲ್ಲಿತ್ತು. ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳಿದಾಗ ಈ ಬೋರ್ಡಿನಲ್ಲಿ ಡಿಸ್ಕಿನೊಡನೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಹಳೆಯ ‘ಐಡಿಇ’ ಆಗಿಬಿಡುತ್ತಿತ್ತು. ನಮ್ಮ ವಿಂಡೋಸ್ ಇನ್‌ಸ್ಟಾಲ್ ಆಗಿದ್ದುದು ‘ಎಎಚ್‌ಸಿಐ’ ಮೋಡಿನಲ್ಲಿ. ಎರಡಕ್ಕೂ ಬೇಕಾದ ಡ್ರೈವರ್ (ಡಿಸ್ಕನ್ನು ನಡೆಸುವ ಪುಟ್ಟ ತಂತ್ರಾಂಶ) ಬೇರೆ ಬೇರೆಯಾಗಿದ್ದರಿಂದ ವಿಂಡೋಸಿಗೆ ತನ್ನ ಡಿಸ್ಕೇ ಸಿಗದೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಹೇಳಿ ನಿಲ್ಲುತ್ತಿತ್ತು. ಒಂದು ಸಣ್ಣ ಸೆಲ್ಲಿನ ದೋಷ ತಂತ್ರಾಂಶದ ದೋಷದ ವೇಷದಲ್ಲಿ ಬಂದಿತ್ತು.

ಸೆಲ್ ಬದಲಿಸುವ ಮುನ್ನ ಬಯಾಸ್‌ನ ಪ್ರತಿಯೊಂದು ಪುಟದ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ, ದಿನಾಂಕ ಮತ್ತು ಎಎಚ್‌ಸಿಐ ಎರಡನ್ನೂ ಸರಿಪಡಿಸಿದೆ. ಆ ರಾತ್ರಿ ಬೇಕೆಂದೇ ಗೋಡೆಯ ಸ್ವಿಚ್ ಆರಿಸಿದೆ. ಬೆಳಗ್ಗೆ ಗಡಿಯಾರ ಸರಿಯಾಗಿತ್ತು, ನೀಲಿ ಪರದೆ ಬರಲಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು: ನಿಮ್ಮ ವಿಂಡೋಸ್ ಐಡಿಇ ಮೋಡಿನಲ್ಲೇ ಇನ್‌ಸ್ಟಾಲ್ ಆಗಿದ್ದರೆ ಬಯಾಸ್‌ನಲ್ಲಿ ನೇರವಾಗಿ ಎಎಚ್‌ಸಿಐ ಮಾಡಬೇಡಿ. ಮುಂದಿನ ಬಾರಿ ಸೇಫ್ ಮೋಡಿನಲ್ಲಿ (ಅತ್ಯಗತ್ಯ ಭಾಗಗಳಷ್ಟೇ ಎದ್ದು ನಿಲ್ಲುವ ಸ್ಥಿತಿ) ತೆರೆಯುವಂತೆ ವಿಂಡೋಸಿಗೆ ಹೇಳಿಟ್ಟು, ಆಮೇಲೆ ಬಯಾಸ್ ಬದಲಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ತೆರೆದ ಮೇಲೆ ಎಂದಿನ ಸ್ಥಿತಿಗೆ ತಂದರೆ ಅದು ಸರಿಯಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ.

ನಿಧಾನಕ್ಕೆ ಕಾರಣ ಹುಡುಕಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಹಾರ್ಡ್ ಡಿಸ್ಕಿನ ಸ್ಮಾರ್ಟ್ ಅಂಕಿಗಳನ್ನು ನೋಡಿದೆ. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ. ಅದರಲ್ಲಿ ನಾನು ಮುಖ್ಯವಾಗಿ ನೋಡುವುದು 5, 197, 198 ಮತ್ತು 199ನೆಯ ಸಾಲುಗಳನ್ನು. 5 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರುಗಳು (ಡಿಸ್ಕಿನಲ್ಲಿ ಮಾಹಿತಿ ಬರೆಯುವ ಪುಟ್ಟ ಖಾನೆಗಳು), 197 ಎಂದರೆ ಓದಲು ಬಾರದೆ ತೀರ್ಮಾನಕ್ಕಾಗಿ ಕಾದಿರುವವು, 198 ಎಂದರೆ ಡಿಸ್ಕಿನ ಸ್ವಂತ ಪರೀಕ್ಷೆಯಲ್ಲೂ ಓದಲಾಗದವು. 199 ಮಾತ್ರ ಬೇರೆ ಜಾತಿಯದು, ಅದು ಹೆಚ್ಚಿದರೆ ಬಹುಮಟ್ಟಿಗೆ ಸಾಟಾ ಕೇಬಲ್ಲನ್ನು ಸಂಶಯಿಸಬೇಕು. ನಮ್ಮದರಲ್ಲಿ 197ರ ಮುಂದೆ 24 ಎಂದಿತ್ತು. ಒಂದು ಸೆಕ್ಟರನ್ನು ಓದಲು ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುವಾಗ ಇಡೀ ಕಂಪ್ಯೂಟರ್ ಅದಕ್ಕಾಗಿ ಕಾಯುತ್ತದೆ. ನಾವು ‘ಹ್ಯಾಂಗ್ ಆಯಿತು’ ಎನ್ನುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಇದೇ ಆಗಿತ್ತು.

ಇಂತಹ ಡಿಸ್ಕಿನ ಮೇಲೆ ಮೊದಲು ರಿಪೇರಿ ತಂತ್ರಾಂಶ ಓಡಿಸುವುದು ದೊಡ್ಡ ತಪ್ಪು ಎಂದು ನಾನು ಒತ್ತಿ ಹೇಳುತ್ತೇನೆ. ವಿಂಡೋಸಿನ ಚೆಕ್‌ಡಿಸ್ಕ್ ಕಡತಗಳ ಪಟ್ಟಿಯನ್ನು ಸರಿಪಡಿಸಲು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ, ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಉಳಿದಿರುವ ಅಲ್ಪ ಆಯುಷ್ಯವನ್ನು ನಾವು ನಕಲು ತೆಗೆಯಲು ಬಳಸಬೇಕೇ ಹೊರತು ಪರೀಕ್ಷೆಗಲ್ಲ. ಯುಎಸ್‌ಬಿಯಿಂದ ಲಿನಕ್ಸ್ (ವಿಂಡೋಸಿನಂತಹ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ತೆರೆದು, 2 ಟಿಬಿಯ ಹೊರ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದು ಕಡತವಾಗಿ ತೆಗೆದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗಗಳನ್ನು ಗುರುತು ಹಾಕಿ ದಾಟಿ, ಕೊನೆಗೆ ಅವುಗಳ ಬಳಿಗೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಎಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಎಚ್61ರಲ್ಲಿ ವೇಗದ ಯುಎಸ್‌ಬಿ 3.0 ಇಲ್ಲ, ಸೆಕೆಂಡಿಗೆ ಸುಮಾರು 35 ಎಂಬಿಯಂತೆ 1 ಟಿಬಿಗೆ ಎಂಟು ಗಂಟೆ ಹಿಡಿಯಿತು. ಬೆಳಗ್ಗೆ ನೋಡಿದಾಗ ಓದಲಾಗದೆ ಉಳಿದಿದ್ದುದು 28 ಕೆಬಿ ಮಾತ್ರ. ಇನ್ನೊಂದು ದಿನ ಪ್ರಯತ್ನಿಸಲು ಬಿಟ್ಟ ಮೇಲೆ 20 ಕೆಬಿ ಉಳಿಯಿತು. ಪಡಿಯಚ್ಚನ್ನು ತೆರೆದು ಅಪ್ಪನ ಲೆಕ್ಕದ ಹಾಳೆಗಳನ್ನೂ, ಮಕ್ಕಳ ಹುಟ್ಟಿನಿಂದೀಚಿನ ಫೋಟೊಗಳನ್ನೂ ಒಂದೊಂದಾಗಿ ನೋಡಿದೆ, ಎಲ್ಲವೂ ಇದ್ದವು. ಆ ಕ್ಷಣದಲ್ಲಿ ನನಗಾದ ನೆಮ್ಮದಿ ಕಂಪ್ಯೂಟರ್ ವೇಗವಾದಾಗಲೂ ಆಗಲಿಲ್ಲ.

ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದುದಕ್ಕೆ ಬಿಸಿಯೇ ಕಾರಣವಿರಬೇಕೆಂದು ಮೊದಲೇ ಊಹಿಸಿದ್ದೆ. ಬಿಸಿಯನ್ನು ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ತೆರೆದಿಟ್ಟು ನೋಡಿದಾಗ ಸುಮ್ಮನಿದ್ದಾಗಲೇ 60 ಡಿಗ್ರಿ ಸೆಲ್ಸಿಯಸ್ ಇದ್ದ ಪ್ರೊಸೆಸರ್, ಕೆಲಸ ಕೊಟ್ಟ ಕೆಲವೇ ನಿಮಿಷಗಳಲ್ಲಿ 100 ದಾಟಿ, 3.2 ಗಿಗಾಹರ್ಟ್ಸ್‌ನ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಕೂಲರಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು, ಜೊತೆಗೆ ಅದನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಪಿನ್ನುಗಳಲ್ಲಿ ಒಂದು ಸಡಿಲವಾಗಿ ಮೇಲೆದ್ದಿತ್ತು. ಬ್ರಷ್ಷಿನಿಂದ ಧೂಳು ತೆಗೆದು (ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು), ಒಣಗಿ ಹಕ್ಕಳೆಯಾಗಿದ್ದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿಗಿಂತ ಚಿಕ್ಕದಾದ ಒಂದು ಬೊಟ್ಟು ಹೊಸ ಪೇಸ್ಟ್ ಇಟ್ಟು, ಪಿನ್ನುಗಳನ್ನು ಮೂಲೆಯಿಂದ ಎದುರು ಮೂಲೆಗೆ ಎಂಬಂತೆ ಒತ್ತಿ ಕೂರಿಸಿದೆ. ಅದೇ ಕೆಲಸದಲ್ಲಿ ಈಗ 68 ಡಿಗ್ರಿ ದಾಟುವುದಿಲ್ಲ.

ಎಸ್‌ಎಂಪಿಎಸ್ ಮೇಲೂ ಸಂಶಯವಿದ್ದುದರಿಂದ ಕಂಪ್ಯೂಟರ್ ದುಡಿಯುತ್ತಿರುವಾಗಲೇ ಹಳದಿ ತಂತಿಯಲ್ಲಿ ವೋಲ್ಟೇಜ್ ಅಳೆದೆ. 12 ವೋಲ್ಟಿನ ಆ ಸಾಲು 11.4ರಿಂದ 12.6ರ ಒಳಗಿರಬೇಕು, 11.9 ಇತ್ತು. ಹಾಗಾಗಿ ಅದನ್ನು ಮುಟ್ಟಲಿಲ್ಲ. ಅದರ ಪೆಟ್ಟಿಗೆಯನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ದೋಷಗಳೆಲ್ಲ ತಿಳಿದ ಮೇಲಷ್ಟೇ ಹೊಸ ಭಾಗಗಳ ಮಾತು ಬಂದಿತು. ರ‍್ಯಾಮ್ 8 ಜಿಬಿ ಮಾಡಲು ಡಿಡಿಆರ್3 1600ರ 4 ಜಿಬಿಯ ಇನ್ನೊಂದು ಪಟ್ಟಿ ತರಿಸಿದೆ, ಹಾಕಿದರೆ ಪರದೆಯೇ ಬರಲಿಲ್ಲ. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಸ್ಲಾಟ್ ಬದಲಿಸಿ, ಒಂದೊಂದನ್ನೇ ಹಾಕಿ ನೋಡಿದ ಮೇಲೆ ಅದರ ವಿವರವನ್ನು ಮತ್ತೊಮ್ಮೆ ಓದಿದೆ: ಅದು ಇಂಟೆಲ್‌ನ ಪ್ರತಿಸ್ಪರ್ಧಿಯಾದ ಎಎಂಡಿಯ ಪ್ರೊಸೆಸರಿನ ಬೋರ್ಡುಗಳಿಗೆ ಮಾತ್ರ ಹೊಂದುವಂತಹದ್ದು. ಹೊರಗಿನಿಂದ ಒಂದೇ ರೀತಿ ಕಂಡರೂ ಅಂತಹ ಪಟ್ಟಿಗಳಲ್ಲಿ ಚಿಪ್ಪುಗಳ ಜೋಡಣೆ ಬೇರೆಯಾಗಿದ್ದು, ಈ ಇಂಟೆಲ್ ಪ್ರೊಸೆಸರುಗಳು ಅದನ್ನು ಗುರುತಿಸುವುದಿಲ್ಲ. ಹಿಂದಿರುಗಿಸಿ ಸರಿಯಾದದ್ದನ್ನು ಪಡೆದೆ. ಎರಡು ಪಟ್ಟಿ ಹಾಕಿದಾಗ ನೆನಪಿನ ದಾರಿ ಒಂದರ ಬದಲು ಎರಡಾಗಿ, ಸೆಕೆಂಡಿಗೆ 12.8 ಜಿಬಿ ಇದ್ದ ಗರಿಷ್ಠ ಸಾಗಣೆ 25.6 ಆಗುತ್ತದೆ. ಪ್ರೊಸೆಸರಿನೊಳಗಿನ ಎಚ್‌ಡಿ 2500 ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಅದಕ್ಕೂ ಇದು ಅನುಕೂಲ. ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ರ‍್ಯಾಮ್ ಪರೀಕ್ಷೆ ಓಡಿಸಿ, ಒಂದೂ ದೋಷ ಕಾಣದ ಮೇಲೆಯೇ ನಂಬಿದೆ.

ಹಾರ್ಡ್ ಡಿಸ್ಕಿನ ಬದಲು ಹಾಕಬೇಕೆಂದಿದ್ದ ಎಸ್‌ಎಸ್‌ಡಿಯ (ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಡಿಸ್ಕು) ಬಗ್ಗೆ ಬಹಳ ಮಂದಿ ಹೇಳಿದ ಆಕ್ಷೇಪ ಒಂದೇ: ಎಚ್61ರ ಸಾಟಾ ಪೋರ್ಟುಗಳೆಲ್ಲ ಹಳೆಯ 3 ಗಿಗಾಬಿಟ್ ವೇಗದವು, ಆದ್ದರಿಂದ ದುಡ್ಡು ದಂಡ. ದೊಡ್ಡ ಕಡತ ಓದುವಾಗ ನಿಜವಾಗಿಯೂ ಸೆಕೆಂಡಿಗೆ 270 ಎಂಬಿಯ ಆಸುಪಾಸಿನಲ್ಲೇ ಅದು ನಿಲ್ಲುತ್ತದೆ, ಹೊಸ ಬೋರ್ಡಿನಲ್ಲಾಗಿದ್ದರೆ ಅದರ ಇಮ್ಮಡಿ ಬರುತ್ತಿತ್ತು. ಆದರೆ ಕಂಪ್ಯೂಟರ್ ತೆರೆದುಕೊಳ್ಳುವಾಗ ಓದುವುದು ದೊಡ್ಡ ಕಡತಗಳನ್ನಲ್ಲ, ಚದುರಿಬಿದ್ದ ಸಾವಿರಾರು ಸಣ್ಣ ತುಣುಕುಗಳನ್ನು. ನಿಮಿಷಕ್ಕೆ 7200 ಬಾರಿ ಸುತ್ತುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಓದುವ ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು. ಹೀಗಾಗಿ ಒಂದೊಂದು ತುಣುಕಿಗೆ 12 ಮಿಲಿಸೆಕೆಂಡಿನಷ್ಟಾಗಿ, ಸೆಕೆಂಡಿಗೆ ಎಂಬತ್ತು ತುಣುಕು ಓದುವುದೇ ಕಷ್ಟ. ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಸರಿಯುವುದೂ ಇಲ್ಲ, ಅದಕ್ಕೆ 0.1 ಮಿಲಿಸೆಕೆಂಡಿನ ಆಸುಪಾಸು ಸಾಕು. ಈ ಅಂತರದ ಮುಂದೆ ಪೋರ್ಟಿನ ವೇಗ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಸಾಟಾ ಕೇಬಲ್ ಜೊತೆ 480 ಜಿಬಿಯ ಎಸ್‌ಎಸ್‌ಡಿ ಹಾಕಿದ ಮೇಲೆ, ಬಟನ್ ಒತ್ತಿ 35 ಸೆಕೆಂಡಿನಲ್ಲಿ ಕೆಲಸ ಆರಂಭಿಸಬಹುದು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್‌ನಲ್ಲಾದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮದು ಮೂರನೆಯ ತಲೆಮಾರಿನದು. ಆ ತಪಾಸಣೆಯನ್ನು ದಾಟಿಸುವ ಉಪಾಯಗಳಿದ್ದರೂ, ಅಪ್ಪ ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ತಯಾರಕರೇ ಒಪ್ಪದ ಹಾದಿ ನನಗೆ ಬೇಡವೆನಿಸಿತು. 2029ರವರೆಗೆ ಬೆಂಬಲವಿರುವ ಲಿನಕ್ಸ್ ಮಿಂಟ್ 22 ಹಾಕಿದೆ. ಒಂದು ಕೊರತೆ ಉಳಿದಿದೆ: ಹೊಸ ವಿಡಿಯೊ ಮಾದರಿಗಳಾದ ವಿಪಿ9 ಮತ್ತು ಎವಿ1ನ್ನು ಈ ಗ್ರಾಫಿಕ್ಸ್ ತಾನೇ ಬಿಡಿಸಲಾರದ ಕಾರಣ ಆ ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. 1080ಪಿ ವರೆಗೆ ತೊಂದರೆಯಿಲ್ಲ, 4ಕೆ ತಡೆದು ತಡೆದು ಓಡುತ್ತದೆ. ನಮಗಿರುವ ಮಾನಿಟರಿಗೆ 1080ಪಿ ಸಾಕು.

ಹಳೆಯ ಹಾರ್ಡ್ ಡಿಸ್ಕನ್ನು ಕಿತ್ತು, ‘ಕೆಟ್ಟಿದೆ, ಏನೂ ಬರೆಯಬೇಡಿ’ ಎಂಬ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೇನೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಮೈಗೂ ಒಂದು ಕಾಗದವಿದೆ. ಸೆಲ್ ಮತ್ತು ಪೇಸ್ಟ್ ಬದಲಿಸಿದ ದಿನ, ಹಳದಿ ತಂತಿಯ 11.9 ವೋಲ್ಟ್, ಸಾಟಾ ಮೋಡ್ ಎಎಚ್‌ಸಿಐ ಎಂದು ಅದರಲ್ಲಿ ಬರೆದಿದೆ. ಆರು ತಿಂಗಳ ನಂತರ ಮತ್ತೆ ಅಳೆದು ಬರೆಯಲೆಂದು ಕೆಳಗೆ ಜಾಗ ಬಿಟ್ಟಿದ್ದೇನೆ.