ನಮ್ಮ ಮಳೆ ಅವರು ಬರೆದರು, ಅವರ ಮಳೆ ನಾವು ಬರೆದೆವು

ದೂರದ ಎರಡು ಶಾಲೆಗಳ ಮಕ್ಕಳು ಒಬ್ಬರ ಮಳೆ ಲೆಕ್ಕವನ್ನು ಇನ್ನೊಬ್ಬರು ಶೀಟಿನಲ್ಲಿ ಬರೆಯುವ ಕೆಲಸ ಕೊನೆಗೂ ನಡೆಯಿತು. 'ಇದೆಲ್ಲ ಮಾಡಿದ್ರೆ ಎಸ್ಎಸ್ಎಲ್‌ಸಿ ರಿಸಲ್ಟ್ ಜಾಸ್ತಿ ಆಗುತ್ತಾ ಸರ್?' ಅಂತ ಮೂರು ವರ್ಷ ಕೇಳಿದ ಸಹೋದ್ಯೋಗಿಗಳೂ ಈಗ ಶೀಟ್ ನೋಡಲು ಬರುತ್ತಿದ್ದಾರೆ. ನಾನು ತೀರ್ಥಹಳ್ಳಿ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ಜೊತೆಯಲ್ಲಿ ಬಿ.ಎಡ್. ಓದಿದ ಗೆಳೆಯ ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಇದ್ದಾನೆ. ಎರಡೂ ಕಡೆಯ ಒಂಬತ್ತನೇ ಕ್ಲಾಸಿನ ಮಕ್ಕಳು ಸೇರಿ ಕೆಲಸ ಮಾಡಬೇಕು ಅನ್ನೋದು ನಮ್ಮಿಬ್ಬರ ಆಸೆ.

ಮೊದಲ ವರ್ಷ ವಿಡಿಯೋ ಕಾಲ್. ವೆಬ್‌ಕ್ಯಾಮ್, ಸ್ಪೀಕರ್, ಮೈಕ್ ಅಂತ ಕೈಯಿಂದ ಆರೇಳು ಸಾವಿರ ಹೋಯಿತು. ಇಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತೆ, ಹಿಂದೆಯೇ ಟವರ್. ಲೈನ್ ಸಿಕ್ಕ ದಿನವೂ 'ಊಟ ಆಯ್ತಾ?', 'ಆತ್ರಿ' ಅಂದು ಮಕ್ಕಳು ಸುಮ್ಮನಾಗುತ್ತಿದ್ದರು. ಇವರಿಗೆ ಅವರ ಹತ್ತಿರ ಏನೂ ಕೆಲಸವೇ ಇರಲಿಲ್ಲ, ಮಾತು ಎಲ್ಲಿಂದ ಬರಬೇಕು?

ಎರಡನೇ ವರ್ಷ ಮಳೆ ಮಾಪಕ ಕಟ್ಟಿದೆವು. ನೀರು ತುಂಬಿದಂತೆ ವಾಲುವ ಟಿಪ್ಪಿಂಗ್ ಬಕೆಟ್, ಅದಕ್ಕೊಂದು ಮ್ಯಾಗ್ನೆಟ್, ಮ್ಯಾಗ್ನೆಟ್ ಹಾದಾಗಲೆಲ್ಲ ಒಂದು ಎಣಿಕೆ ಕೊಡುವ ರೀಡ್ ಸ್ವಿಚ್, ಲೆಕ್ಕ ಇಡಲು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್. ಉಷ್ಣಾಂಶ, ತೇವಾಂಶ ನೋಡುವ ಡಿಎಚ್‌ಟಿ22 ಸೆನ್ಸರ್ ಸೇರಿ ಒಂದಕ್ಕೆ ಸುಮಾರು 1,500 ರೂಪಾಯಿ. 20 ಸೆಂ.ಮೀ. ಅಗಲದ ಆಲಿಕೆ, ಅಂದರೆ 1 ಮಿ.ಮೀ. ಮಳೆಗೆ 31 ಮಿ.ಲೀ. ಚಿಲ್ಲರೆ ನೀರು. ಮಕ್ಕಳೇ ಸಿರಿಂಜಿನಲ್ಲಿ ನೀರು ಬಿಟ್ಟು ಲೆಕ್ಕ ಕೂಡಿಸಿದರು. ಜುಲೈನ ಒಂದು ದಿನ ನಮ್ಮ ಮಾಪಕ 400 ಮಿ.ಮೀ. ದಾಟಿತು. ಕೈಯಲ್ಲಿ ಅಳೆಯಲು ಪಕ್ಕದಲ್ಲಿಟ್ಟ ಬಾಟಲಿಯಲ್ಲಿ ಅದರ ಅರ್ಧ. ರೀಡ್ ಸ್ವಿಚ್ ಒಂದಕ್ಕೆ ಎರಡು ಎಣಿಸುತ್ತಿತ್ತು. ಒಮ್ಮೆ ಎಣಿಸಿದ ಮೇಲೆ 150 ಮಿಲಿಸೆಕೆಂಡ್ ಮತ್ತೆ ಎಣಿಸದಂತೆ ಕೋಡಿನಲ್ಲಿ ತಡೆ ಹಾಕಿದ ಮೇಲೆ ಸರಿಯಾಯಿತು. ಪಂಚಾಯಿತಿ ಹತ್ತಿರದ ಕೆಎಸ್‌ಎನ್‌ಡಿಎಂಸಿ (ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಮಾಪಕಕ್ಕೂ ನಮ್ಮದಕ್ಕೂ ಈಗ ನೂರಕ್ಕೆ ಐದಾರರಷ್ಟೇ ವ್ಯತ್ಯಾಸ. ಮಣ್ಣಿನ ತೇವ ನೋಡುವ ಅಗ್ಗದ ಸೆನ್ಸರ್ ಮಾತ್ರ ತರಬೇಡಿ, ಎರಡೇ ವಾರಕ್ಕೆ ಅದರ ಕಡ್ಡಿ ಸವೆದುಹೋಯಿತು.

ಇಷ್ಟಾದರೂ ಎರಡು ಶಾಲೆ ಎರಡೇ ಆಗಿ ಉಳಿದವು. ಮೂರನೇ ವರ್ಷ ನಿಯಮ ಬದಲಿಸಿದೆ. ನಮ್ಮ ರೀಡಿಂಗ್ ಶೀಟಿಗೆ ತುಂಬುವವರು ಅವರು, ಅವರದ್ದು ನಾವು. ರೀಡಿಂಗ್ ಹೇಳುವ ಒಂದು ನಿಮಿಷದ ವಾಯ್ಸ್ ಮೆಸೇಜ್ ವಾಟ್ಸಾಪಿನಲ್ಲಿ ಹೋಗುತ್ತೆ, ನೆಟ್‌ವರ್ಕ್ ಬಂದಾಗ ತಲುಪುತ್ತೆ. ಕೇಳಿ ತುಂಬಿದವರು ಒಂದು ಪ್ರಶ್ನೆ ಕೇಳಲೇಬೇಕು. ಇದಕ್ಕೆ ನನ್ನ ಹಳೇ ಫೋನ್ ಸಾಕಾಯಿತು. ಇಲ್ಲಿಯ ಒಬ್ಬರು, ಅಲ್ಲಿಯ ಒಬ್ಬರು ಅಂತ ಒಟ್ಟು 24 ಜೋಡಿ. ಯಾರಿಗೆ ಯಾರನ್ನು ಹೇಗೆ ಜೋಡಿ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅರ್ಧ ಕೆಲಸ ಅದರಲ್ಲೇ ಇದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಫೋನ್ ಹಿಡಿದು ಸ್ಟಾಫ್ ರೂಮಿಗೇ ಬಂದಳು. 'ಸರ್, ಅಲ್ಲಿ ನಿನ್ನೆ ಸಂಜೆ ಉಷ್ಣಾಂಶ 34ರಿಂದ 25ಕ್ಕೆ ಇಳಿದಿದೆ. ತೇವಾಂಶ 90 ದಾಟಿದೆ. ಮಳೆ ಮಾತ್ರ ಸೊನ್ನೆ!' ನಾನು ಏನೂ ಹೇಳಲಿಲ್ಲ. ಅವಳೇ ವಾಯ್ಸ್ ಕಳಿಸಿದಳು: 'ನಿಮ್ಮಲ್ಲಿ ಮಳೆ ಬಂತಲ್ವಾ? ಆಲಿಕೆ ಒಳಗೆ ಎಂತ ಇದೆ ನೋಡಿ.' ಮಧ್ಯಾಹ್ನ ಉತ್ತರ ಬಂತು: 'ಹುಳ ಮಣ್ಣಿನ ಗೂಡು ಕಟ್ಟೇತ್ರಿ, ತೂತು ಪೂರಾ ಮುಚ್ಚೇತಿ.' ಜೊತೆಗೆ ಗೂಡಿನ ಫೋಟೋ. ಬಸ್ಸಿನಲ್ಲಿ ಒಂದು ಹಗಲಿನ ದಾರಿ, ಕ್ಲಾಸಿನಲ್ಲೇ ಕೂತು ನಮ್ಮ ಹುಡುಗಿ ತಪ್ಪು ಹಿಡಿದಿದ್ದಳು. ಅವತ್ತಿನಿಂದ ಪ್ರಶ್ನೆ ಕೇಳಿ ಅಂತ ನಾನು ಹೇಳುವುದೇ ಬೇಡವಾಯಿತು.

ನಡುವೆ ವಾಯ್ಸ್‌ಗಳನ್ನು ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ಗೆ ಕೇಳಿಸಿ ಬರಹ ಮಾಡಿಸಲು ನೋಡಿದೆ. ಮಾನ್ವಿ ಮಾತಿಗೆ ಅದು ತಡವರಿಸಿತು. ತಿದ್ದಲು ಕೂತ ಮಕ್ಕಳು ತಾವಾಗಿಯೇ ಪದಪಟ್ಟಿ ಶುರು ಮಾಡಿದರು. ನಮ್ಮವರಿಗೆ ಬೀಜ ಬಿತ್ತುವ ಕೂರಿಗೆ ಗೊತ್ತಿರಲಿಲ್ಲ, ಅವರಿಗೆ ಮಳೆಗೆ ಹೊದೆಯುವ ಗೊರಬು. ಈಗ ಇನ್ನೂರರ ಹತ್ತಿರ ಪದ ಇದೆ, ಒಂದೊಂದಕ್ಕೂ ಫೋಟೋ.

ಈ ಜೂನಿಗೆ ಮಾನ್ವಿಯವರು ಆಲಿಕೆಗೆ ಸೊಳ್ಳೆಪರದೆ ಕಟ್ಟಿದರು. ನಾವೂ ಕಟ್ಟಿದೆವು, ತರಗೆಲೆ ಕಸ ಬಿದ್ದು ಒಂದೇ ದಿನಕ್ಕೆ ಕಟ್ಟಿಕೊಂಡಿತು. ದೊಡ್ಡ ಕಣ್ಣಿನ ಜಾಲರಿ ಕತ್ತರಿಸಿ ಪೋಸ್ಟಿನಲ್ಲಿ ಹಾಕಿದ್ದೇವೆ ಅಂತ ಮೊನ್ನೆ ಅಲ್ಲಿಂದ ವಾಯ್ಸ್ ಬಂದಿದೆ.